ಸುಮತಿ ಮೀನು ಬಿಟ್ಟ ಸುದ್ದಿ

ಹೆಂಗಸರ ಜೈಲಿಗೆ ಹೋಗಿ ಮಾತು ಕೇಳುವ ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು, "ಆಂಟಿ, ಅವರ ಎದುರು ಕೂತು ಏನು ಹೇಳಬೇಕು?" ಎಂದು ನನ್ನನ್ನು ಕೇಳುತ್ತಾರೆ. ಏನು ಹೇಳಬೇಕು ಎಂಬುದು ಆಮೇಲಿನ ವಿಷಯ. ಮೊದಲು ಸೇಫ್ಟಿ ಪಿನ್ನುಗಳನ್ನು ಮನೆಯಲ್ಲಿ ಬಿಟ್ಟು ಬನ್ನಿ ಎನ್ನುತ್ತೇನೆ ನಾನು.

ಮೊದಲ ದಿನ ನನಗೆ ಅದನ್ನು ಯಾರೂ ಹೇಳಿರಲಿಲ್ಲ. ನಮ್ಮ ಕಡೆಯ ಹೆಂಗಸರ ಮೈಮೇಲೆ ಎಲ್ಲೆಲ್ಲಿ ಪಿನ್ನು ಇರುತ್ತದೆ ಎಂದು ಆ ಹೆಂಗಸರಿಗೂ ಪೂರ್ತಿ ಗೊತ್ತಿರುವುದಿಲ್ಲ. ಸೆರಗಿಗೆ ಒಂದು, ನೆರಿಗೆಗೆ ಒಂದು. ಮತ್ತೆ ಬಳೆಯಲ್ಲಿ, ಕರಿಮಣಿಯಲ್ಲಿ, ಯಾರಿಗಾದರೂ ಬೇಕಾದರೆ ಇರಲಿ ಎಂದು ಪರ್ಸಿನ ಜಿಪ್ಪಿನಲ್ಲಿ. ಗೇಟಿನ ಯಂತ್ರ ಕೂಗಿತು. ಒಂದು ಪಿನ್ನು ತೆಗೆದೆ, ಮತ್ತೆ ಕೂಗಿತು. ರಹ್ಮಾ ಎಂಬ ಒಮಾನಿ ಪೊಲೀಸ್ ಹೆಂಗಸು ಒಂದು ಪ್ಲಾಸ್ಟಿಕ್ ಟ್ರೇ ಹಿಡಿದು ನಿಂತಿದ್ದಳು. ನಾನು ಹಾಕುತ್ತಾ ಹೋದೆ, ಅವಳು ನೋಡುತ್ತಾ ಹೋದಳು. ಕೊನೆಗೆ ಅವಳು ಹಿಂದಿಯಲ್ಲಿ, "ಮದಾಮ್, ನೀವು ಒಳಗೆ ಮಾತಾಡಲಿಕ್ಕೆ ಬಂದದ್ದಾ, ಅಂಗಡಿ ಇಡಲಿಕ್ಕೆ ಬಂದದ್ದಾ?" ಎಂದಳು. ಆ ದಿನ ನಾನು ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ನೆರಿಗೆ ಹಿಡಿದುಕೊಂಡೇ ಜೈಲಿನೊಳಗೆ ಹೋದೆ. ಎದುರು ಕೂತ ಹುಡುಗಿಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಜೈಲಿನಲ್ಲಿರುವ ನಮ್ಮ ದೇಶದ ಹೆಂಗಸರಲ್ಲಿ ಕೆಲವರ ಮೇಲೆ ಬಲಾತ್ಕಾರ ನಡೆದಿರುತ್ತದೆ. ಅದನ್ನು ಯಾರ ಹತ್ತಿರವೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡೇ ಅವರು ಬೇರೆ ಯಾವುದೋ ಕೇಸಿನಲ್ಲಿ ಒಳಗೆ ಬಂದಿರುತ್ತಾರೆ. ಅನುಮತಿ ಪಡೆದ ನಮ್ಮ ಚಿಕ್ಕ ಗುಂಪಿನವರು ಹೋಗಿ, ಅವರು ಹೇಳಬೇಕೆಂದಿದ್ದರೆ ಕೇಳುವುದು. ಡಾಕ್ಟರು ಬೇಕೆಂದರೆ ಏರ್ಪಾಡು ಮಾಡುವುದು. ಕೇಳಿದ್ದು ನಮ್ಮಲ್ಲೇ ಇರಬೇಕು. ಪೊಲೀಸರಿಗೆ, ವೀಸಾ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡ ಕಫೀಲನಿಗೆ, ಅವಳ ಮನೆಯವರಿಗೆ, ನಮ್ಮ ಗಂಡಂದಿರಿಗೆ, ಯಾರಿಗೂ ಅವಳು ಒಪ್ಪದೆ ಒಂದು ಮಾತು ಹೋಗಬಾರದು. ಮಸ್ಕತ್ತಿನ ಅಲ್ ಹೈಲಿನಲ್ಲಿ ಮನೆ ನೋಡಿಕೊಂಡು, ಮಗನ ಟಿಫಿನ್ ಕಟ್ಟಿಕೊಂಡು ಇದ್ದ ನಾನು ಇದಕ್ಕೆ ಸೇರಿದ್ದು ತುಳು, ಕನ್ನಡ, ಕೊಂಕಣಿ ಮೂರೂ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಮಗ ಮಾತ್ರ, "ಮಮ್ಮಾ, ನೀನು ಅಲ್ಲಿ ಹೋಗಿ ಜಸ್ಟ್ ಕೂತ್ಕೊಳ್ಳೋದಾ? ದಟ್ಸ್ ದಿ ಜಾಬ್?" ಎಂದು ಕೇಳಿದ. ಹೌದು ಮಗಾ, ಅಷ್ಟೇ ಎಂದೆ.

ನಮಗೆ ಮೇಲಿನವರು ಮಿಸೆಸ್ ಕುರಿಯನ್. ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡಿ ಬಂದ ಮಲಯಾಳಿ. ಬಿಳಿ ಕಾಟನ್ ಸೀರೆ, ಕನ್ನಡಕಕ್ಕೆ ಸರಪಳಿ, ನಗು ಬಹಳ ಕಡಿಮೆ. ತಮ್ಮ ಫ್ಲ್ಯಾಟಿನ ಸೋಫಾದ ಮೇಲೆ ತಾವೇ ಕೈದಿಯಾಗಿ ಕೂತು ನಮಗೆ ಅಭ್ಯಾಸ ಮಾಡಿಸುತ್ತಿದ್ದರು. ನನ್ನ ಸರದಿ ಬಂದಾಗ ಎದುರು ಕೂತು, ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಹಾಗೆ ಬೆನ್ನು ನೇರ ಮಾಡಿ, ಮೃದುವಾಗಿ, "ಊರು ಎಲ್ಲಿ ಆಯ್ತು ನಿಮ್ಮದು?" ಎಂದೆ.

ಮಿಸೆಸ್ ಕುರಿಯನ್ ಕನ್ನಡಕದ ಮೇಲಿಂದ ನೋಡಿದರು.

"ಅಲ್ಲಿ ಯಾರ ಮನೆ?" ಎಂದೆ.

ಅವರು ಕನ್ನಡಕ ತೆಗೆದರು. "ನಾನು ನಿನ್ನ ಜೊತೆ ಮಗಳ ಸಂಬಂಧ ಮಾಡಲಿಕ್ಕೆ ಬಂದಿದ್ದೇನಾ?"

ಕರಾವಳಿಯವರಿಗೆ ಗೊತ್ತು, ಇದು ಕೆಟ್ಟ ಕುತೂಹಲ ಅಲ್ಲ. ನಮ್ಮವರು ಇಬ್ಬರು ಎಲ್ಲಿ ಸಿಕ್ಕಿದರೂ, ರೂವಿಯ ಸಿಗ್ನಲ್ಲಿನಲ್ಲಿ ಸಿಕ್ಕಿದರೂ, ಊರು ಕೇಳಿ, ಮನೆ ಕೇಳಿ, ನಡುವೆ ಒಬ್ಬ ಸಂಬಂಧಿಕನನ್ನು ಹುಡುಕಿ ತೆಗೆಯುವವರೆಗೆ ಮನಸ್ಸಿಗೆ ಸಮಾಧಾನ ಇಲ್ಲ. ಸಂಬಂಧಿಕ ಸಿಕ್ಕಿದ ಮೇಲೆ "ಹಾಗಾದರೆ ನೀವು ನಮ್ಮವರೇ" ಎಂದು ಚಾ ಕುಡಿಯುತ್ತೇವೆ. ಆದರೆ ಗುಟ್ಟು ಹೊತ್ತು ಕೂತವಳಿಗೆ ಈ ಪ್ರಶ್ನೆಯಷ್ಟು ಭಯದ್ದು ಇನ್ನೊಂದಿಲ್ಲ. ನಡುವೆ ಸಂಬಂಧಿಕ ಇದ್ದಾನೆಂದರೆ ಸುದ್ದಿ ಹೋಗಲು ದಾರಿ ಇದೆ ಎಂದೇ ಅರ್ಥ. "ಊರು ಕೇಳಬೇಡ. ನಾಲಿಗೆ ಕಚ್ಚಿಕೊ," ಎಂದರು ಮಿಸೆಸ್ ಕುರಿಯನ್. ನಾನು ನಿಜವಾಗಿಯೂ ಕಚ್ಚಿಕೊಳ್ಳುತ್ತಿದ್ದೆ. ಶುರುವಿನ ತಿಂಗಳುಗಳಲ್ಲಿ ನನ್ನನ್ನು ನೋಡಿದವರಿಗೆ ಹಲ್ಲುನೋವಿನ ಹೆಂಗಸು ಎಂದು ಅನಿಸಿದ್ದರೆ ತಪ್ಪಿಲ್ಲ.

ಇನ್ನೊಂದು ಅವಾಂತರ, ಅಳು. ನಾನು ಬೇಗ ಅಳುವವಳು. ಒಬ್ಬ ತಮಿಳು ಹೆಂಗಸು ಹಿಂದಿಯಲ್ಲಿ ತನ್ನ ಮಕ್ಕಳ ಮಾತು ತೆಗೆದದ್ದೇ ತಡ, ನನ್ನ ಕಣ್ಣು ಹರಿಯತೊಡಗಿತು. ಅವಳು ಮಾತು ನಿಲ್ಲಿಸಿ, ಎದ್ದು, ನನಗೆ ನೀರು ತಂದುಕೊಟ್ಟು, ಬೆನ್ನು ಸವರಿ, "ಎಲ್ಲ ಸರಿಯಾಗ್ತದೆ ಮೇಡಂ" ಎಂದು ಸಮಾಧಾನ ಮಾಡಿ ಕಳಿಸಿದಳು. ವರದಿ ಕೇಳಿದ ಮಿಸೆಸ್ ಕುರಿಯನ್, "ಒಳ್ಳೆಯದಾಯಿತು, ಮುಂದಿನ ವಾರ ಅವಳನ್ನು ನಮ್ಮ ಗುಂಪಿಗೆ ಸೇರಿಸಿಕೊಂಡು ನಿನ್ನನ್ನು ಅಲ್ಲಿ ಬಿಡೋಣ," ಎಂದರು.

ಇಷ್ಟೆಲ್ಲ ಕಲಿತೆ ಎಂದುಕೊಂಡ ಹೊತ್ತಿಗೆ ಸುಮತಿ ಬಂದಳು. ಸುಮತಿ ಅವಳ ಹೆಸರಲ್ಲ. ಇಲ್ಲಿರುವ ಹೆಸರುಗಳನ್ನೂ ಗುರುತುಗಳನ್ನೂ ಬದಲಿಸಿದ್ದೇನೆ, ಬರೆದದ್ದನ್ನು ಅವಳಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ನಾವು ಆಡಿದ್ದು ತುಳು, ಬರೆಯುತ್ತಿರುವುದು ಕನ್ನಡ.

ಮೂವತ್ತರ ಆಸುಪಾಸಿನವಳು. ಕೆಲಸದ ಮನೆಯಿಂದ ಓಡಿಹೋದ ಕೇಸು, ಇಲ್ಲಿ ಅದೂ ಅಪರಾಧ. ಎದುರು ಕೂತು ತನ್ನ ಉಗುರನ್ನೇ ನೋಡುತ್ತಿದ್ದಳು. ನಾನು ಊರು ಕೇಳಲಿಲ್ಲ. ಹೆಮ್ಮೆಯಿಂದಲೇ ಕೇಳಲಿಲ್ಲ. ಆದರೆ ಅವಳು ಮೊದಲ ಸಲ ತುಳು ಮಾತಾಡಿದಾಗ ಅವಳ ರಾಗ ನನ್ನ ತಾಯಿಮನೆಯ ಕಡೆಯದೇ. ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳಿಗೂ ಧೈರ್ಯ ಬರಲಿ ಎಂದು, "ಹೆದರಬೇಡ ಮಗಾ, ನಾನೂ ಆ ಕಡೆಯವಳೇ," ಎಂದು ನನ್ನ ಊರು, ಮನೆ, ಬಸ್ ಸ್ಟಾಪು ಎಲ್ಲ ಹೇಳಿಬಿಟ್ಟೆ. ಕೇಳಬಾರದೆಂದು ಕಲಿಸಿದ್ದರು, ಹೇಳಬಾರದೆಂದು ನನಗೆ ಹೊಳೆದಿರಲಿಲ್ಲ.

ಸುಮತಿ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಎದ್ದು ರಹ್ಮಾಳ ಹತ್ತಿರ ಹೋಗಿ, ತಲೆನೋವು, ಒಳಗೆ ಹೋಗುತ್ತೇನೆ ಎಂದಳು. ಮುಂದಿನ ವಾರವೂ ಅವಳಿಗೆ ತಲೆನೋವೇ. ಅವಳ ಗಂಡನ ಮನೆಯವರು ಇಳಿಯುವುದು ನಾನು ಹೇಳಿದ ಆ ಬಸ್ ಸ್ಟಾಪಿನಲ್ಲೇ ಎಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

"ಬೇರೆ ಯಾರನ್ನಾದರೂ ಕಳಿಸಿ ಮೇಡಂ," ಎಂದೆ ಮಿಸೆಸ್ ಕುರಿಯನ್ನರಿಗೆ.

"ತುಳು ಬರುವವರು ಬೇರೆ ಯಾರಿದ್ದಾರೆ? ಹೋಗು, ಕೂತುಕೊ. ಅವಳು ಬರದಿದ್ದರೆ ಖಾಲಿ ಕುರ್ಚಿಯ ಎದುರು ಕೂತುಕೊ. ಖಾಲಿ ಕುರ್ಚಿಗೆ ನಿನ್ನ ಊರು ಹೇಳಿದರೆ ತೊಂದರೆ ಇಲ್ಲ."

ಹೋಗಿ ಕೂತೆ. ಆ ಸಲ ಸುಮತಿ ಬಂದಳು. ನನ್ನ ಕಡೆ ಬಗ್ಗಿ, ಸಣ್ಣ ದನಿಯಲ್ಲಿ, "ಅಕ್ಕ, ಒಂದು ವಿಷಯ ಹೇಳ್ತೇನೆ. ಯಾರಿಗೂ ಹೇಳಬಾರದು," ಎಂದಳು.

"ಇಲ್ಲ."

"ನಾನು ಮೀನು ತಿನ್ನುವುದು ಬಿಟ್ಟೆ."

ಅಷ್ಟು ಹೇಳಿ ಎದ್ದು ಹೋದಳು.

ಓದುವವರಲ್ಲಿ ಘಟ್ಟದ ಮೇಲಿನವರಿದ್ದರೆ ಇದರಲ್ಲಿ ಏನಿದೆ ಎನ್ನಬಹುದು. ನಮ್ಮ ಕಡೆಯ ಹೆಂಗಸು, ಹರಕೆ ಇಲ್ಲ, ವ್ರತ ಇಲ್ಲ, ಕಾಯಿಲೆ ಇಲ್ಲ, ಮೀನು ಬಿಟ್ಟಳು ಎಂದರೆ ಅದು ಬಾಯಲ್ಲಿ ನಿಲ್ಲುವ ಸುದ್ದಿಯಲ್ಲ. ಮನೆಗೆ ಬಂದರೆ ನಮ್ಮವರು, ಅಂದರೆ ನನ್ನ ಗಂಡ, ಸೀಬ್ ಮಾರುಕಟ್ಟೆಯಿಂದ ಬಂಗುಡೆ ತಂದಿದ್ದರು. ಶುಚಿ ಮಾಡುವಾಗ ಮಾತು ಗಂಟಲವರೆಗೆ ಬಂತು. ಹೆಸರು ಹೇಳದೆ, "ಯಾರೋ ಒಬ್ಬಳು ಮೀನು ಬಿಟ್ಟಳಂತೆ," ಎಂದರೆ ಏನಾಗುತ್ತದೆ ಎಂದು ಆಸೆ. ಆದರೆ ನಮ್ಮವರು ಆಫೀಸಿನಲ್ಲಿ ಅಕೌಂಟ್ಸ್ ನೋಡುವುದು ಬಿಟ್ಟರೆ ಉಳಿದ ಹೊತ್ತು ಇಡೀ ಮಸ್ಕತ್ತಿನ ಸುದ್ದಿ ವಿಲೇವಾರಿ ಮಾಡುವವರು.

"ಏನು, ಏನೋ ಹೇಳಲಿಕ್ಕೆ ಹೊರಟೆ?" ಎಂದರು.

"ಬಂಗುಡೆ ಒಳ್ಳೆಯದುಂಟು," ಎಂದೆ.

"ಅದಕ್ಕೆ ಅಷ್ಟು ಹೊತ್ತು ಬಾಯಿ ತೆರೆದು ನಿಂತದ್ದಾ?"

ಸುಮತಿಗೆ ಒಬ್ಬಳು ಅಕ್ಕ ಇದ್ದಳು, ಶಾರದಾ. ಗಂಡ ಜಗನ್ನಾಥನ ಜೊತೆ ವಾದಿ ಕಬೀರಿನಲ್ಲಿ ವಾಸ; ಅವನು ಅಲ್ಲೊಂದು ಗ್ಯಾರೇಜಿನಲ್ಲಿ ಸೂಪರ್‌ವೈಸರ್. ಶಾರದಾ ಆಗಾಗ ಜೈಲಿಗೆ ಬಂದು ತಂಗಿಯನ್ನು ನೋಡಿ ಹೋಗುತ್ತಿದ್ದಳು. ಆಮೇಲೆ ಗೊತ್ತಾಯಿತು, ಅವಳು ಬಂದಾಗಲೆಲ್ಲ ಸುಮತಿ ಕಾಯುತ್ತಿದ್ದಳು: ಅಕ್ಕ ಮೀನಿನ ಮಾತು ತೆಗೆಯುತ್ತಾಳಾ ಎಂದು. ಸುಮತಿ ಮೀನು ಬಿಟ್ಟಿರಲೇ ಇಲ್ಲ. ನನ್ನ ಬಾಯಿ ಸೋರುತ್ತದೋ ಇಲ್ಲವೋ ಎಂದು ನೀರು ಹಾಕಿ ನೋಡಿದ್ದಳು ಅಷ್ಟೆ. ನಮ್ಮ ಗುಂಪಿನಲ್ಲಿ ಆಮೇಲೆ ಎಷ್ಟೋ ತರಬೇತಿಗಳಾದವು, ದೊಡ್ಡ ದೊಡ್ಡವರು ಬಂದು ಪಾಠ ಮಾಡಿದರು. ಇಷ್ಟು ಅಚ್ಚುಕಟ್ಟಾದ ಪರೀಕ್ಷೆಯನ್ನು ಮತ್ತೆ ಯಾರೂ ನನಗೆ ಕೊಡಲಿಲ್ಲ.

ಶಾರದಾ ಬಂದಳು, ಹೋದಳು, ಮತ್ತೆ ಬಂದಳು. ಮೀನಿನ ಸುದ್ದಿ ಬರಲಿಲ್ಲ. ಸುಮತಿ ಮಾತಾಡಲು ಸಿದ್ಧಳಾದಳು. ಸರಿಯಾಗಿ ಆಗಲೇ ಎ.ಸಿ. ರಿಪೇರಿಯಾಯಿತು.

ಆ ಕೋಣೆಯ ಹಳೆಯ ಕಿಟಕಿ ಎ.ಸಿ. ಘಟ್ಟ ಹತ್ತುವ ಲಾರಿಯ ಹಾಗೆ ಸದ್ದು ಮಾಡುತ್ತಿತ್ತು. ನಿಯಮದ ಪ್ರಕಾರ ಬಾಗಿಲು ಸ್ವಲ್ಪ ತೆರೆದೇ ಇರಬೇಕು, ಹೊರಗೆ ರಹ್ಮಾ ಕೂತಿರಬೇಕು. ಆ ಸದ್ದಿನಲ್ಲಿ ನಮ್ಮ ಮಾತು ನಮಗೇ ಅರ್ಧ ಕೇಳಿಸುತ್ತಿತ್ತು. ಗುಟ್ಟು ಕಾಪಾಡುತ್ತಿದ್ದದ್ದು ನಮ್ಮ ತರಬೇತಿಯಲ್ಲ, ಆ ಎ.ಸಿ. ಪಾಪ, ರಹ್ಮಾ ನನ್ನ ಮೇಲಿನ ವಿಶ್ವಾಸದಿಂದ ಮೇಲಿನವರಿಗೆ ಹೇಳಿ ಅದನ್ನು ರಿಪೇರಿ ಮಾಡಿಸಿದಳು. ಆ ದಿನ ಹೋಗಿ ಕೂತರೆ ಇಗರ್ಜಿಯ ಮೌನ. ನಾನು ಕೈ ಆಡಿಸಿದರೆ ಬಳೆಯ ಸದ್ದು ಗೇಟಿನವರೆಗೆ.

ರಹ್ಮಾಳಿಗೆ ತುಳು ಬಾರದು, ಅವಳದ್ದು ಚಿಂತೆಯಿಲ್ಲ. ಆದರೆ ಅಲ್ಲಿ ನೆಲ ಒರೆಸುವವಳು ಕಾಸರಗೋಡಿನ ಕಡೆಯವಳು, ತುಳು ನೀರು ಕುಡಿದ ಹಾಗೆ ಬರುತ್ತದೆ. ನಾವು ಕೂತ ಕೂಡಲೇ ಅವಳು ಬಾಗಿಲ ಹೊರಗಿನ ಜಾಗ ಒರೆಸಲು ಶುರುಮಾಡುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಅಷ್ಟು ಹೊಳೆಯುವ ನೆಲ ಮಸ್ಕತ್ತಿನ ಯಾವ ಐದು ನಕ್ಷತ್ರದ ಹೋಟೆಲಿನಲ್ಲೂ ಇದ್ದಿರಲಾರದು.

ನಾನು ರಹ್ಮಾಳ ಹತ್ತಿರ ಹೋಗಿ ನನ್ನ ಮುರುಕು ಹಿಂದಿಯಲ್ಲಿ, "ಹಳೆಯ ಎ.ಸಿ.ಯೇ ಒಳ್ಳೆಯದಿತ್ತು," ಎಂದೆ.

"ಚಳಿಯಾ? ಕಡಿಮೆ ಮಾಡುತ್ತೇನೆ."

"ಚಳಿ ಅಲ್ಲ. ಸದ್ದು."

"ಸದ್ದು ಈಗ ಇಲ್ಲವಲ್ಲ."

"ಅದೇ. ಸದ್ದು ಬೇಕು."

ಇಷ್ಟು ದಿನ ಸುಮ್ಮನೆ ಕೂತು ಕೂತು ನನ್ನ ತಲೆ ಕೆಟ್ಟಿತೆಂದು ಅವಳಿಗೆ ಅನಿಸಿರಬೇಕು. ನಾನು ಕಣ್ಣಿನಲ್ಲೇ ಬಾಗಿಲ ಹೊರಗಿನ ನೆಲವನ್ನು ತೋರಿಸಿದೆ. ರಹ್ಮಾ ನೆಲ ನೋಡಿದಳು, ಬಟ್ಟೆ ಹಿಡಿದು ಬಗ್ಗಿದ್ದವಳನ್ನು ನೋಡಿದಳು. ಎದ್ದು ಹೋಗಿ ಸ್ಟೋರಿನಿಂದ ದೊಡ್ಡ ವ್ಯಾಕ್ಯೂಮ್ ಕ್ಲೀನರನ್ನು ಎಳೆದುಕೊಂಡು ಬಂದು ಅವಳ ಕೈಗೆ ಕೊಟ್ಟಳು. "ಒರೆಸಿದ್ದು ಖಲಾಸ್. ಇನ್ನು ಇದು. ಯಲ್ಲಾ, ಶುರುಮಾಡು."

ಹಾಗೆ, ನಮ್ಮ ಮಾತು ಕದ್ದು ಕೇಳಲು ಬಂದವಳ ಕೈಯಲ್ಲೇ ನಮ್ಮ ಮಾತನ್ನು ಮುಚ್ಚುವ ಸದ್ದು. ಅವಳು ಮುಖ ಊದಿಸಿಕೊಂಡು ಕಾರಿಡಾರಿನ ಉದ್ದಕ್ಕೂ ಓಡಾಡುತ್ತಿದ್ದಾಗ ಸುಮತಿ ನನಗೆ ಹೇಳಿದಳು.

ಅದರಲ್ಲಿ ಇಲ್ಲಿ ಬರೆಯಬಹುದಾದದ್ದು ಇಷ್ಟೆ. ಕೆಲಸದ ಮನೆಗೆ ಕಳಿಸುವ ಮೊದಲು ಅವಳನ್ನು ಇರಿಸಿಕೊಂಡಿದ್ದ ಏಜೆಂಟ್ ಅವಳ ಮೇಲೆ ಬಲಾತ್ಕಾರ ಮಾಡಿದ್ದ. ಅವನು ನಮ್ಮ ಊರಿನ ಕಡೆಯವನೇ, ಅವಳ ಭಾವ ಜಗನ್ನಾಥನ ಸ್ನೇಹಿತ. ಭಾವನೇ ಪರಿಚಯ ಮಾಡಿಸಿದ್ದು. ಅವನು ಕೆಲಸದ ಮನೆಗೂ ಬರಲು ಶುರುಮಾಡಿದಾಗ ಅವಳು ಓಡಿದಳು. ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ವ್ಯಾಕ್ಯೂಮ್ ದೂರ ಹೋದಾಗ ಅವಳು ನಿಲ್ಲಿಸುತ್ತಿದ್ದಳು, ಹತ್ತಿರ ಬಂದಾಗ ಮುಂದುವರಿಸುತ್ತಿದ್ದಳು.

"ಡಾಕ್ಟರಿಗೆ ತೋರಿಸಬೇಕು ಅಕ್ಕ," ಎಂದಳು ಕೊನೆಗೆ. "ಶಾರದಕ್ಕನಿಗೆ ನಾನೇ ಹೇಳ್ತೇನೆ. ಯಾವಾಗ ಅಂತ ಗೊತ್ತಿಲ್ಲ. ಭಾವನಿಗೆ ಮೊದಲು ತಿಳಿದರೆ ಅವರು ಬೇರೆ ಕತೆ ಕಟ್ಟಿ ಅಕ್ಕನಿಗೆ ಹೇಳ್ತಾರೆ. ಆಮೇಲೆ ನಾನು ಹೇಳಿದ್ದನ್ನು ಅವಳು ನಂಬುವುದಿಲ್ಲ."

ಡಾಕ್ಟರ ಏರ್ಪಾಡು ಮಿಸೆಸ್ ಕುರಿಯನ್ ಮಾಡಿದರು. ಅಕ್ಕನಿಗೆ ಹೇಳುವ ಹೊತ್ತು ಅವಳಿಗೆ ಬಿಟ್ಟದ್ದು. ಅಲ್ಲಿಯವರೆಗೆ ಭಾವನ ಕಿವಿಗೆ ಏನೂ ಬೀಳಬಾರದು. ನನ್ನ ಪಾಲಿನ ಕೆಲಸ ಅದು.

ಭಾವನೇ ಮನೆಗೆ ಬಂದ. ಶುಕ್ರವಾರ ಬೆಳಿಗ್ಗೆ, ಕೈಯಲ್ಲಿ ಒಮಾನಿ ಹಲ್ವದ ದೊಡ್ಡ ಡಬ್ಬಿ. ಜೈಲಿಗೆ ತುಳು ಮಾತಾಡುವ ಹೆಂಗಸೊಬ್ಬರು ಹೋಗುತ್ತಾರೆಂದು ಯಾರನ್ನೋ ಕೇಳಿ, ಅವರ ಮೂಲಕ ನಮ್ಮವರನ್ನು ಹಿಡಿದಿದ್ದ. ನಮ್ಮವರು ಬಾಗಿಲಲ್ಲೇ ಊರು ಕೇಳಿ, ಮನೆ ಕೇಳಿ, ಅವನ ಚಿಕ್ಕಪ್ಪ ತಮ್ಮ ಶಾಲೆಯ ಮಾಸ್ಟ್ರೆಂದು ಪತ್ತೆ ಹಚ್ಚಿ, "ಓ, ನೀವು ನಮ್ಮವರೇ ಮಾರಾಯ್ರೆ," ಎಂದು ಸೋಫಾದಲ್ಲಿ ಕೂರಿಸಿದರು. ನಾನು ನೀರುದೋಸೆ ಹೊಯ್ಯುತ್ತಿದ್ದೆ. ತಟ್ಟೆ ತಂದಿಟ್ಟೆ.

"ಅಕ್ಕ, ನೀವು ನಮ್ಮ ಸುಮತಿಯನ್ನು ನೋಡ್ತೀರಂತೆ," ಎಂದ.

"ಅಲ್ಲಿ ತುಂಬಾ ಹೆಂಗಸರು ಉಂಟು. ಚಟ್ನಿ ಹಾಕಿಕೊಳ್ಳಿ."

"ಅವಳು ಏನಾದರೂ ಹೇಳಿದಳಾ? ಯಾರದ್ದಾದರೂ ಹೆಸರು? ಮನೆಯವರು ನಾವು, ನಮಗೆ ಗೊತ್ತಿರಬೇಕಲ್ಲ."

"ದೋಸೆ ದಪ್ಪ ಆಯಿತಾ? ಇಲ್ಲಿಯ ಅಕ್ಕಿಯಲ್ಲಿ ಊರಿನ ಹದ ಬರುವುದಿಲ್ಲ ನೋಡಿ. ನೆನೆಸಿದ್ದು ಹೆಚ್ಚಾದರೆ ತವಾಕ್ಕೆ ಹಿಡೀತದೆ."

"ಅಲ್ಲ ಅಕ್ಕ, ಸುಮತಿ..."

"ಕಮ್ಮಿಯಾದರೆ ಅರೆಯುವಾಗ ತರಿತರಿ. ನಾನೊಮ್ಮೆ ಇಬ್ರಿಯಲ್ಲಿ ಗೆಳತಿಯ ಮನೆಯಲ್ಲಿ ಬಾಸ್ಮತಿ ಹಾಕಿ ಮಾಡಿದ್ದೆ."

ನಮ್ಮವರು ನಡುವೆ ಬಾಯಿ ಹಾಕಿದರು. "ಕೇಳಿದ್ದಕ್ಕೆ ಉತ್ತರ ಕೊಡು ಮಾರಾಯ್ತಿ, ಪಾಪ ಅಷ್ಟು ದೂರದಿಂದ ಬಂದಿದ್ದಾರೆ."

"ಕೊಡ್ತಾ ಇದ್ದೇನಲ್ಲ. ಬಾಸ್ಮತಿ ಆಗುವುದೇ ಇಲ್ಲ."

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದ ಬಹಳಷ್ಟು ಮರೆತಿದ್ದೇನೆ. ಆದರೆ ಅತಿಥಿಯ ಎದುರು ನಗುಮುಖ ಇಟ್ಟುಕೊಂಡು, ಪ್ರಯೋಜನವಿಲ್ಲದ ಮಾತನ್ನು ಎಷ್ಟು ಹೊತ್ತು ಬೇಕಾದರೂ ಆಡುವ ವಿದ್ಯೆ ಆ ದಿನ ಕೈಬಿಡಲಿಲ್ಲ. ಅಕ್ಕಿಯಿಂದ ತೆಂಗಿನಕಾಯಿಗೆ ಬಂದೆ, ತೆಂಗಿನಕಾಯಿಯಿಂದ ಮಿಕ್ಸಿಗೆ. ಜಗನ್ನಾಥ ದೋಸೆ ತಿನ್ನುತ್ತಾ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ. ಕೊನೆಗೆ ಅವನ ಮುಖ ಸಡಿಲಾಯಿತು. ಈ ಹೆಂಗಸಿನ ಹತ್ತಿರ ಯಾರೂ ಏನೂ ಹೇಳಿರಲಾರರು ಎಂದು ಅವನಿಗೆ ಖಾತ್ರಿಯಾಯಿತು. ಹೋಗುವಾಗ ನಮ್ಮವರ ಕೈ ಕುಲುಕಿ, "ಅಕ್ಕ ಒಳ್ಳೆಯವರು, ಪಾಪ," ಎಂದ. ಆ "ಪಾಪ" ಎನ್ನುವುದನ್ನು ಅವನು ಎಳೆದ ರೀತಿ ನಮ್ಮವರಿಗೆ ಸ್ವಲ್ಪ ಚುಚ್ಚಿತು.

ಹೊಸಬರಿಗೆ ಇಲ್ಲೊಂದು ಮಾತು. ಈಗ ನಿಮಗೆ ಈ ಕೆಲಸಕ್ಕೂ ವಿಡಿಯೊ ಫೋನು ಬಂದಿದೆ, ಸ್ಕ್ರೀನಿನ ಮೇಲೆ ಮುಖ ನೋಡಿ ಮಾತಾಡುತ್ತೀರಿ, ಹೆಡ್‌ಫೋನ್ ಹಾಕುತ್ತೀರಿ. ಸದ್ದು ಮಾಡುವ ಎ.ಸಿ. ಬೇಡ. ಆದರೆ ಹೆಡ್‌ಫೋನ್ ತೆಗೆದ ಮೇಲೆ ನಿಮ್ಮ ಮನೆಯ ಹಾಲಿನಲ್ಲಿ ಅದೇ ಗಂಡ, ಅದೇ ನೆಂಟರು ಕೂತಿರುತ್ತಾರೆ. ಅಲ್ಲಿಗೆ ಯಾವ ಯಂತ್ರವೂ ಬರುವುದಿಲ್ಲ. ಬುದ್ಧಿವಂತೆ ಎಂದು ಅನ್ನಿಸಿಕೊಳ್ಳುವ ಆಸೆ ಇದ್ದವರು ಈ ಕೆಲಸಕ್ಕೆ ಬರಬೇಡಿ. ಮಿಸೆಸ್ ಕುರಿಯನ್ ಅಷ್ಟು ಬುದ್ಧಿವಂತರು; ಅವರ ಕಟ್ಟಡದವರು ಅವರನ್ನು ಟ್ಯೂಷನ್ ಹೇಳುವ ಟೀಚರೆಂದೇ ತಿಳಿದಿದ್ದರು.

ಕೆಲವು ವಾರಗಳ ಮೇಲೆ, ಗಂಡನಿಂದ ವಿಳಾಸ ಕೇಳಿಕೊಂಡು, ಶಾರದಾ ನಮ್ಮ ಮನೆಗೆ ಬಂದಳು. ಒಬ್ಬಳೇ, ಟ್ಯಾಕ್ಸಿಯಲ್ಲಿ. ಕಣ್ಣು ಊದಿಕೊಂಡಿತ್ತು. ನಮ್ಮವರನ್ನು ನೋಡಿ, "ಅಣ್ಣ, ಸ್ವಲ್ಪ ಹೊರಗೆ ಹೋಗ್ತೀರಾ?" ಎಂದಳು. ನಮ್ಮವರು ಬಾಲ್ಕನಿಗೆ ಹೋಗಿ, ಗಾಜಿನ ಬಾಗಿಲನ್ನು ಪೂರ್ತಿ ಹಾಕದೆ ನಿಂತರು. ನಾನು ಹೋಗಿ ಹಾಕಿದೆ.

ಶಾರದಾ ನನ್ನ ಕೈ ಹಿಡಿದು, "ಅಕ್ಕ, ಯಾರಿಗೂ ಹೇಳಬಾರದು," ಎಂದು ಶುರುಮಾಡಿ, ತಂಗಿ ತನಗೆ ಹೇಳಿದ್ದನ್ನೆಲ್ಲ ಹೇಳಿದಳು. ಏಜೆಂಟನ ಹೆಸರು, ಅವನು ಅವಳನ್ನು ಇರಿಸಿಕೊಂಡಿದ್ದ ಫ್ಲ್ಯಾಟು, ಕೆಲಸದ ಮನೆಗೆ ಅವನು ಬಂದದ್ದು. ಮೊದಲಿನಿಂದ ಕೊನೆಯವರೆಗೆ. ಅದೇ ಮಾತುಗಳು, ಸುಮತಿಯದೇ ಮಾತುಗಳು; ನಡುವೆ ಯಾರದ್ದೂ ಕೈ ಬಿದ್ದಿರಲಿಲ್ಲ. ನಾನು ಏನು ಮಾಡಬೇಕಿತ್ತು? ಮನೆಯವರೇ ಬಂದು ಹೇಳಿದರೂ, ನನಗೆ ಮೊದಲೇ ಗೊತ್ತಿತ್ತು ಎಂದು ತೋರಿಸಿಕೊಳ್ಳುವ ಹಾಗಿಲ್ಲ. ಅದಕ್ಕೂ ಸುಮತಿಯೇ ಒಪ್ಪಬೇಕು. "ಹೌದಾ" ಎಂದೆ. ಸ್ವಲ್ಪ ಹೊತ್ತು ಬಿಟ್ಟು "ಹೌದಾ ಮಗಾ" ಎಂದೆ. ನಾಟಕ ನನಗೆ ಬಾರದು. ಶಾಲೆಯಲ್ಲಿ ನನಗೆ ಯಾವಾಗಲೂ ಮರದ ಪಾತ್ರ.

"ವಕೀಲರನ್ನು ಹಿಡಿದಿದ್ದೇನೆ," ಎಂದಳು. "ಓಡಿಹೋದ ಕೇಸು ಬಿಡಿಸಲಿಕ್ಕೆ ಆಗ್ತದಂತೆ. ಆ ಏಜೆಂಟನ ಮೇಲೆ ದೂರು ಕೊಡುವುದು ಸುಮತಿ ಹೇಳಿದ ಮೇಲೆ. ಇವರು ಮೊದಲು ಇದೆಲ್ಲ ಸುಳ್ಳು ಅಂದರು. ನಾನು ಎದುರು ಕೂತು ಒಂದೊಂದೇ ಕೇಳಿದೆ, ತಲೆ ಎತ್ತಲಿಲ್ಲ. ಈಗ ವಕೀಲರಲ್ಲಿಗೆ ಇವರೇ ಕಾರು ಓಡಿಸ್ತಾರೆ. ಬಾಯಿ ತೆಗೆಯುವ ಹಾಗಿಲ್ಲ."

ಅಷ್ಟರಲ್ಲಿ ಅವಳಿಗೆ ಏನೋ ಹೊಳೆಯಿತು. ನನ್ನ ಕೈ ಬಿಟ್ಟಳು.

"ಅಲ್ಲ ಅಕ್ಕ, ನೀವು ವಾರ ವಾರ ಅಲ್ಲಿಗೆ ಹೋಗ್ತೀರಿ. ಅಷ್ಟು ದೊಡ್ಡ ಸಂಕಟ ಇಟ್ಟುಕೊಂಡು ನನ್ನ ತಂಗಿ ನಿಮ್ಮ ಕಣ್ಣೆದುರು ಇದ್ದಳು. ನಿಮಗೆ ಒಂದು ಚೂರೂ ಗೊತ್ತಾಗಲಿಲ್ವಾ?"

ನಾನು ಚಾಕ್ಕೆ ನೀರಿಡಲು ಎದ್ದೆ.

"ಮುಖ ನೋಡಿಯಾದರೂ ತಿಳಿಯುವುದಿಲ್ವಾ ಒಬ್ಬರಿಗೆ? ಮತ್ತೆ ಎಂಥದಕ್ಕೆ ಹೋಗುವುದು ನೀವು? ಎ.ಸಿ.ಯಲ್ಲಿ ಕೂತು ಬರಲಿಕ್ಕಾ?"

"ನನಗೆ ಅಷ್ಟೆಲ್ಲ ತಿಳಿಯುವುದಿಲ್ಲ ಮಗಾ," ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಸಿಟ್ಟು ಹೋಗಿ ಕನಿಕರ ಬಂತು. "ಇರಲಿ. ನಿಮ್ಮದೇನು ತಪ್ಪು," ಎಂದು ನನ್ನ ಭುಜ ತಟ್ಟಿ, ಕಣ್ಣೊರೆಸಿಕೊಂಡು, ಚಾ ಕೂಡ ಕುಡಿಯದೆ ಹೊರಟುಹೋದಳು. ಕಿಟಕಿಯಿಂದ ನೋಡಿದೆ. ಟ್ಯಾಕ್ಸಿ ಹತ್ತುವಾಗ ಅವಳು ಯಾರಿಗೋ ಫೋನಿನಲ್ಲಿ ಕೈ ಬೀಸಿ ಬೀಸಿ ಹೇಳುತ್ತಿದ್ದಳು. ವಕೀಲರಿಗೆ ಇರಬೇಕು. ಅಷ್ಟು ಗಟ್ಟಿಯಾಗಿ ಬೇರೆ ಯಾರಿಗೆ ಹೇಳಲಿಕ್ಕೆ ಉಂಟು.

ನಮ್ಮವರು ಬಾಲ್ಕನಿಯಿಂದ ಒಳಗೆ ಬಂದರು. ಬಿಸಿಲಿಗೆ ಬೆವತು ಹೋಗಿದ್ದರು.

"ಏನಂತೆ?"

"ನನಗೆ ಬುದ್ಧಿ ಕಮ್ಮಿಯಂತೆ."

"ಅಷ್ಟು ಹೇಳಲಿಕ್ಕೆ ವಾದಿ ಕಬೀರಿನಿಂದ ಟ್ಯಾಕ್ಸಿ ಮಾಡಿಕೊಂಡು ಬಂದಳಾ?"

"ಹೌದು," ಎಂದೆ. ಆಮೇಲೆ ಒಳಗೆ ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಅಷ್ಟು ದಿನ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತೆ. ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು. ಬುದ್ಧಿ ಕಮ್ಮಿ ಎಂದದ್ದಕ್ಕೆ ಅಳುತ್ತಿದ್ದೇನೆಂದು ತಿಳಿದು, ಹತ್ತಿರ ಬಂದು, "ಹೋಗ್ಲಿ ಬಿಡು ಮಾರಾಯ್ತಿ. ಅಷ್ಟೇನೂ ಕಮ್ಮಿ ಇಲ್ಲ ನಿನಗೆ," ಎಂದು ಸಮಾಧಾನ ಮಾಡಿದರು.